ನಡುಗುವ ಕೈ, ಮಿದುಳಿನ ಆಳ

1946ರಲ್ಲಿ ಅಮೆರಿಕದ ‘ಲೈಫ್’ ಪತ್ರಿಕೆಯ ಛಾಯಾಗ್ರಾಹಕಿ ಮಾರ್ಗರೆಟ್ ಬೋರ್ಕ್-ವೈಟ್ ಗಾಂಧೀಜಿಯವರ ಚಿತ್ರ ತೆಗೆಯಲು ಬಂದಾಗ ಅವರಿಗೊಂದು ಷರತ್ತು ಎದುರಾಯಿತು. ಕ್ಯಾಮೆರಾ ಕೈಗೆತ್ತಿಕೊಳ್ಳುವ ಮೊದಲು ಚರಕದಲ್ಲಿ ನೂಲುವುದನ್ನು ಕಲಿಯಬೇಕು ಎಂದು ಗಾಂಧೀಜಿಯವರ ಕಾರ್ಯದರ್ಶಿ ಪಟ್ಟು ಹಿಡಿದರು. ಆಕೆ ಕಲಿತರು. ಆಮೇಲೆ ತೆಗೆದ ಚಿತ್ರ, ಚರಕದ ಹಿಂದೆ ಕುಳಿತು ಓದುತ್ತಿರುವ ಗಾಂಧೀಜಿಯದು, ಇಂದಿಗೂ ಎಲ್ಲರ ಕಣ್ಣಲ್ಲಿದೆ.

ಯುದ್ಧರಂಗಗಳಲ್ಲಿ, ವಿಮಾನಗಳಲ್ಲಿ, ಗಗನಚುಂಬಿ ಕಟ್ಟಡಗಳ ಅಂಚಿನಲ್ಲಿ ನಿಂತು ಕ್ಯಾಮೆರಾ ಹಿಡಿದಿದ್ದ ಆ ಕೈಗಳು ಕೆಲವೇ ವರ್ಷಗಳಲ್ಲಿ ಮಾತು ಕೇಳದಾದವು. 1953ರ ಹೊತ್ತಿಗೆ ಎಡಗಾಲಿನಲ್ಲಿ ಮಂದವಾದ ನೋವು ಕಾಣಿಸಿಕೊಂಡಿತು; ಬರಬರುತ್ತ ಎಡಗೈ ಬಿಗಿಯಿತು. ಕಾಯಿಲೆ ಪಾರ್ಕಿನ್ಸನ್ ಎಂದು ಗೊತ್ತಾಯಿತು. ಬೆರಳುಗಳ ಬಿಗಿ ಸಡಿಲಿಸಲು ಅವರು ವೃತ್ತಪತ್ರಿಕೆಯ ಹಾಳೆಗಳನ್ನು ಮುದುಡಿ ಉಂಡೆ ಕಟ್ಟುವ ವ್ಯಾಯಾಮ ಮಾಡುತ್ತಿದ್ದರು. 1959ರಲ್ಲಿ, ಇನ್ನು ದಾರಿಯಿಲ್ಲವೆಂದಾದಾಗ, ನ್ಯೂಯಾರ್ಕಿನ ನರಶಸ್ತ್ರವೈದ್ಯ ಇರ್ವಿಂಗ್ ಕೂಪರ್ ಅವರ ಮುಂದೆ ತಲೆಯೊಡ್ಡಿದರು. ಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಮಿದುಳಿನ ಆಳಕ್ಕೆ ಸಲಾಕೆಯಂಥ ಉಪಕರಣ ಇಳಿಸಿ, ಅಲ್ಲಿನ ಒಂದಿಷ್ಟು ಭಾಗವನ್ನು ನಾಶ ಮಾಡುವ ಶಸ್ತ್ರಕ್ರಿಯೆ ಅದು. ಅಷ್ಟೂ ಹೊತ್ತು ರೋಗಿ ಎಚ್ಚರವಾಗಿಯೇ ಇರಬೇಕು.

ಕೇಳುವಾಗ ಮೈ ಜುಮ್ಮೆನ್ನುತ್ತದೆ. ಆದರೆ ಮಿದುಳಿಗೆ ನೋವಿನ ಅರಿವಿಲ್ಲ. ದೇಹದ ಎಲ್ಲ ನೋವನ್ನೂ ಅರಿಯುವ ಅಂಗ ತನ್ನನ್ನೇ ಕುಯ್ದರೆ ಅರಿಯದು. ಚರ್ಮವನ್ನೂ ಬುರುಡೆಯ ಹೊರಪದರವನ್ನೂ ಮರಗಟ್ಟಿಸಿದರೆ ಸಾಕು. ಎಚ್ಚರವಿರಬೇಕಾದ ಕಾರಣ ಬೇರೆಯೇ ಇದೆ. ಉಪಕರಣದ ತುದಿ ಸರಿಯಾದ ಜಾಗ ಮುಟ್ಟಿದೆಯೇ ಎಂದು ಹೇಳಬಲ್ಲವನು ರೋಗಿಯೊಬ್ಬನೇ. ಕೈ ಎತ್ತು ಎಂದರೆ ಎತ್ತಬೇಕು, ಎಣಿಸು ಎಂದರೆ ಎಣಿಸಬೇಕು. ನಡುಕ ನಿಂತರೆ ಜಾಗ ಸರಿ. ಮಾತು ತೊದಲಿದರೆ ಅಥವಾ ಕೈ ಜೋತುಬಿದ್ದರೆ ತಪ್ಪು. ಪಾರ್ಕಿನ್ಸನ್ ಶಸ್ತ್ರಚಿಕಿತ್ಸೆಯ ಇತಿಹಾಸವೆಂದರೆ ಬಹುಮಟ್ಟಿಗೆ ಈ ಜಾಗದ ಹುಡುಕಾಟದ ಇತಿಹಾಸ. ಅದರಲ್ಲಿ ಜಾಣ್ಮೆಯಷ್ಟೇ ಆಕಸ್ಮಿಕವೂ ಇದೆ, ನೆನೆಯಲು ಹಿತವಲ್ಲದ ಅಧ್ಯಾಯವೂ ಇದೆ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ನಡುಕದ ಕಾಯಿಲೆಯ ಮೇಲೆ ಒಂದು ಕಿರುಹೊತ್ತಗೆ ಬರೆದ. ಅವನು ವರ್ಣಿಸಿದ್ದು ಬರಿಯ ಆರು ಮಂದಿಯನ್ನು. ಅವರಲ್ಲಿಯೂ ಕೆಲವರನ್ನು ಬೀದಿಯಲ್ಲಿ ಕಂಡದ್ದಷ್ಟೇ. ಆದರೂ ಮುಂದಕ್ಕೆ ಬಾಗಿದ ನಡು, ಓಡುವಂತೆ ಮುಗ್ಗರಿಸುವ ನಡಿಗೆ, ಸುಮ್ಮನೆ ತೊಡೆಯ ಮೇಲಿಟ್ಟಾಗಲೂ ನಿಲ್ಲದ ಕೈನಡುಕ ಎಲ್ಲವೂ ಅವನ ಬರಹದಲ್ಲಿ ಇವೆ. ಆಯುರ್ವೇದ ಕಂಪವಾತವೆಂದು ಕರೆಯುವುದು ಇಂಥದೇ ಲಕ್ಷಣಗಳನ್ನು. ಪಾರ್ಕಿನ್ಸನ್ ಗಮನಿಸಿದ ಇನ್ನೊಂದು ಸಂಗತಿ ಮುಂದಿನ ಕಥೆಗೆಲ್ಲ ಬೀಜ. ಅವನ ಆರನೆಯ ರೋಗಿಗೆ ಪಾರ್ಶ್ವವಾಯು ಬಡಿಯಿತು. ಸ್ವಾಧೀನ ತಪ್ಪಿದ ಕೈಕಾಲಿನ ನಡುಕ ನಿಂತೇಹೋಯಿತು! ಎರಡು ವಾರಗಳಲ್ಲಿ ಪಾರ್ಶ್ವವಾಯು ವಾಸಿಯಾಗಿ ಶಕ್ತಿ ಮರಳಿತು. ಅದರ ಬೆನ್ನಿಗೇ ನಡುಕವೂ ಮರಳಿತು.

ಅಂದರೆ ಮಿದುಳಿನಲ್ಲಿ ಎಲ್ಲೋ ಹಾನಿಯಾದರೆ ನಡುಕ ನಿಲ್ಲುತ್ತದೆ. ಇಪ್ಪತ್ತನೆಯ ಶತಮಾನದ ಮೊದಲ ಭಾಗದ ಶಸ್ತ್ರವೈದ್ಯರು ಈ ಎಳೆಯನ್ನೇ ಹಿಡಿದು ಹೊರಟರು. ಚಲನೆಯನ್ನು ಆಳುವ ಮಿದುಳಿನ ಹೊರಪದರವನ್ನು ಕತ್ತರಿಸಿದರು. ಬೆನ್ನುಹುರಿಯ ನರಮಾರ್ಗಗಳನ್ನು ಕುಯ್ದರು. ನಡುಕವೇನೋ ತಗ್ಗಿತು, ಆದರೆ ಕೈಯ ಶಕ್ತಿಯೂ ಹೋಯಿತು. ನಡುಗುವ ಕೈಯನ್ನು ಕೊಟ್ಟು ನಿಶ್ಚಲವಾದ ಕೈಯನ್ನು ಪಡೆಯುವ ವ್ಯಾಪಾರಕ್ಕೆ ಒಪ್ಪಿದ ರೋಗಿಗಳು ಎಷ್ಟು ಬೇಸತ್ತಿರಬೇಕು ಎಂಬುದನ್ನು ಊಹಿಸಬಹುದು. ಮಿದುಳಿನ ಆಳದಲ್ಲಿರುವ ನರಗಂಟುಗಳಿಗೆ ಕೈ ಹಾಕಲು ಬಹುತೇಕ ಯಾರಿಗೂ ಧೈರ್ಯವಿರಲಿಲ್ಲ. ಪ್ರಜ್ಞೆಯ ಪೀಠವೇ ಅಲ್ಲಿದೆ, ಅದನ್ನು ಕೆಡಿಸಿದರೆ ರೋಗಿ ಮತ್ತೆ ಕಣ್ಣು ತೆರೆಯಲಾರ ಎಂದು ಅಮೆರಿಕದ ಪ್ರಸಿದ್ಧ ನರಶಸ್ತ್ರವೈದ್ಯ ವಾಲ್ಟರ್ ಡ್ಯಾಂಡಿ ನಂಬಿದ್ದರು. ರಸೆಲ್ ಮೈಯರ್ಸ್ ಎಂಬುವರು 1939ರಿಂದ ಅಲ್ಲಿಗೇ ಇಳಿದು, ಪ್ರಜ್ಞೆ ಹೋಗುವುದಿಲ್ಲವೆಂದೂ ಕೈ ಸೋಲದೆಯೇ ನಡುಕ ನಿಲ್ಲಬಲ್ಲದೆಂದೂ ತೋರಿಸಿದರು. ಆದರೆ ಹತ್ತು ರೋಗಿಗಳಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸತ್ತರು. ಈ ಬೆಲೆ ತೀರಾ ಹೆಚ್ಚಾಯಿತೆಂದು ಮೈಯರ್ಸ್ ಅವರೇ ಒಪ್ಪಿಕೊಂಡರು. ಬಯಲು ಮಾಡಿ ಕುಯ್ಯುವ ಬದಲು ಸೂಜಿಯಷ್ಟು ದಾರಿಯಲ್ಲಿ ಅಲ್ಲಿಗೆ ತಲುಪುವ ಉಪಾಯ ಬೇಕಾಗಿತ್ತು.

ಉಪಾಯದ ಅರ್ಧಭಾಗ ಆಗಲೇ ಸಿದ್ಧವಿತ್ತು. 1908ರಲ್ಲಿ ಲಂಡನ್ನಿನ ವಿಕ್ಟರ್ ಹಾರ್ಸ್ಲಿ ಮತ್ತು ರಾಬರ್ಟ್ ಕ್ಲಾರ್ಕ್ ಪ್ರಾಣಿಗಳ ತಲೆಗೆ ಬಿಗಿಯುವ ಲೋಹದ ಚೌಕಟ್ಟೊಂದನ್ನು ಪ್ರಕಟಿಸಿದ್ದರು. ಉದ್ದ, ಅಡ್ಡ, ಆಳ ಎಂಬ ಮೂರು ಅಳತೆಗಳನ್ನು ಹೊಂದಿಸಿದರೆ ಕೋತಿಯ ಮಿದುಳಿನ ಯಾವುದೇ ಬಿಂದುವಿಗೆ ಸೂಜಿ ಮುಟ್ಟಿಸಬಹುದು. ಬಾಂದುಕಲ್ಲಿನಿಂದ ಸರಪಳಿ ಎಳೆದು ಹೊಲದೊಳಗಿನ ಒಂದು ಜಾಗ ಗುರುತಿಸುವ ಸರ್ವೆಯವರ ಲೆಕ್ಕದಂತೆಯೇ ಇದು. ಕೋತಿಯಲ್ಲಿ ಕಿವಿಯ ರಂಧ್ರ, ಕಣ್ಣುಗೂಡಿನ ಅಂಚು ಬಾಂದುಕಲ್ಲುಗಳಾದವು. ಮನುಷ್ಯರಲ್ಲಿ ಈ ಲೆಕ್ಕ ಕೈಕೊಡುತ್ತದೆ. ಒಂದು ತಲೆಬುರುಡೆಯಂತೆ ಇನ್ನೊಂದಿಲ್ಲ. ಬಾಂದುಕಲ್ಲು ಮಿದುಳಿನ ಒಳಗೇ ಸಿಗಬೇಕು. ಹೀಗಾಗಿ ಆ ಚೌಕಟ್ಟು ಸುಮಾರು ನಲವತ್ತು ವರ್ಷ ಪ್ರಯೋಗಶಾಲೆಯಲ್ಲೇ ಉಳಿಯಿತು. ಅದು ಅಲ್ಲಿಂದ ಹೊರಬಂದದ್ದು ನಡುಕದ ರೋಗಿಗಳಿಗಾಗಿ ಅಲ್ಲ, ಮಾನಸಿಕ ರೋಗಿಗಳಿಗಾಗಿ.

ಹಿತವಲ್ಲದ ಅಧ್ಯಾಯ ಇದೇ. 1935ರಲ್ಲಿ ಪೋರ್ಚುಗಲ್‌ನ ಎಗಾಸ್ ಮೊನಿಜ್, ತೀವ್ರ ಮನೋರೋಗಿಗಳ ಮಿದುಳಿನ ಮುಂಭಾಗದ ನರತಂತುಗಳನ್ನು ಕಡಿಯುವ ಲ್ಯೂಕಾಟಮಿ ಎಂಬ ಶಸ್ತ್ರಕ್ರಿಯೆಯನ್ನು ಆರಂಭಿಸಿದರು. ಅಮೆರಿಕದಲ್ಲಿ ಅದು ಲೊಬಾಟಮಿ ಎಂಬ ಹೆಸರಿನಲ್ಲಿ ಹಬ್ಬಿತು. ವಾಲ್ಟರ್ ಫ್ರೀಮನ್ 1946ರಿಂದ ಕಣ್ಣುಗೂಡಿನ ಮೂಲಕವೇ ಚೂಪಾದ ಸಲಾಕೆ ಹೊಡೆದು ಅದನ್ನು ಕೆಲವು ನಿಮಿಷಗಳ ಕೆಲಸವಾಗಿಸಿದರು. ಹತ್ತಾರು ಸಾವಿರ ಜನ ಇದಕ್ಕೆ ಒಳಗಾದರು. ಕೂಗಾಡುತ್ತಿದ್ದವರು ಸುಮ್ಮನಾದರು. ಅನೇಕರು ನಗುವುದನ್ನೂ ಅಳುವುದನ್ನೂ ಮರೆತು ಗೊಂಬೆಗಳಂತಾದರು. ಮೊನಿಜ್ ಅವರಿಗೆ 1949ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಬೆಂಗಳೂರು ಈ ಪ್ರವಾಹದಿಂದ ಹೊರಗಿರಲಿಲ್ಲ. 1847ರಲ್ಲಿ ಆರಂಭವಾದ ಹುಚ್ಚಾಸ್ಪತ್ರೆ 1925ರಲ್ಲಿ ಮಾನಸಿಕ ಆಸ್ಪತ್ರೆಯೆಂಬ ಹೆಸರು ಪಡೆದಿತ್ತು. ಅದರ ಮುಖ್ಯಸ್ಥರಾಗಿದ್ದ ಡಾ. ಎಂ.ವಿ. ಗೋವಿಂದಸ್ವಾಮಿ, ಶಸ್ತ್ರವೈದ್ಯ ಡಾ. ಬಿ.ಎನ್. ಬಾಲಕೃಷ್ಣರಾವ್ ಜೊತೆಗೂಡಿ ಭಾರತೀಯ ರೋಗಿಗಳ ಮೇಲೆ ನಡೆಸಿದ ಲ್ಯೂಕಾಟಮಿಗಳ ವರದಿಯನ್ನು 1944ರಲ್ಲಿ ಲಂಡನ್ನಿನ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ವಿದೇಶದಲ್ಲಿ ಹೊಸದೊಂದು ಚಿಕಿತ್ಸೆ ಬಂದ ಕೆಲವೇ ವರ್ಷಗಳಲ್ಲಿ, ಮಹಾಯುದ್ಧದ ನಡುವೆ, ಮೈಸೂರು ಸಂಸ್ಥಾನದ ಆಸ್ಪತ್ರೆಯೊಂದು ಅದನ್ನು ಮಾಡಿ ವರದಿಯನ್ನೂ ಬರೆಯಿತೆಂಬುದು ಆ ವೈದ್ಯರ ಸಾಮರ್ಥ್ಯಕ್ಕೆ ಸಾಕ್ಷಿ. ಅವರನ್ನು ಇಂದಿನ ಕಣ್ಣಿನಿಂದ ತೂಗುವುದು ಸುಲಭ. ಆದರೆ ಆಗ ಮನೋರೋಗಕ್ಕೆ ಪರಿಣಾಮಕಾರಿಯಾದ ಮಾತ್ರೆಯೇ ಇರಲಿಲ್ಲ. ಕ್ಲೋರ್‌ಪ್ರೊಮಝೀನ್ ಬಂದದ್ದು 1952ರ ನಂತರ. ವರ್ಷಗಟ್ಟಲೆ ಕೋಣೆಯಲ್ಲಿ ಕೂಡಿಹಾಕುವುದೇ ಉಳಿದಿದ್ದ ದಾರಿ. ಇಷ್ಟೆಲ್ಲ ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ: ಲ್ಯೂಕಾಟಮಿಗೆ ಒಳಗಾದವರಲ್ಲಿ ಹೆಚ್ಚಿನವರನ್ನು ಯಾರೂ ‘ನಿಮಗೆ ಒಪ್ಪಿಗೆಯೇ?’ ಎಂದು ಕೇಳಲಿಲ್ಲ. ಪ್ರಪಂಚದಲ್ಲಿ ಎಲ್ಲೆಡೆಯೂ ಹಾಗೆಯೇ ಇತ್ತು.

ಲೊಬಾಟಮಿಯ ಒರಟುತನ ಕಂಡು ಕಳವಳಪಟ್ಟ ಇಬ್ಬರು ಫಿಲಡೆಲ್ಫಿಯಾದಲ್ಲಿದ್ದರು: ವಿಯೆನ್ನಾದಿಂದ ಹೋಗಿ ನೆಲೆಸಿದ್ದ ನರವಿಜ್ಞಾನಿ ಅರ್ನ್ಸ್ಟ್ ಸ್ಪೀಗೆಲ್ ಮತ್ತು ಶಸ್ತ್ರವೈದ್ಯ ಹೆನ್ರಿ ವೈಸಿಸ್. ಇಡೀ ಮುಂಭಾಗವನ್ನು ಕಡಿಯುವ ಬದಲು ಆಳದ ಒಂದೇ ಒಂದು ಚುಕ್ಕೆಯನ್ನು ನಾಶ ಮಾಡಿದರೆ ವ್ಯಕ್ತಿತ್ವ ಉಳಿಯಬಹುದಲ್ಲವೇ ಎಂದು ಅವರು ಯೋಚಿಸಿದರು. 1947ರಲ್ಲಿ ಮನುಷ್ಯರಿಗೆ ಹೊಂದುವ ಚೌಕಟ್ಟನ್ನು ರೂಪಿಸಿದರು. ಬಾಂದುಕಲ್ಲಿನ ಸಮಸ್ಯೆಗೆ ಎಕ್ಸ್-ರೇ ನೆರವಾಯಿತು. ಮಿದುಳಿನ ನಡುವೆ ನೀರು ತುಂಬಿದ ಕುಹರಗಳಿವೆ. ಆ ನೀರನ್ನು ತೆಗೆದು ಗಾಳಿ ತುಂಬಿಸಿದರೆ ಎಕ್ಸ್-ರೇ ಚಿತ್ರದಲ್ಲಿ ಕುಹರದ ಅಂಚುಗಳು ಕಾಣುತ್ತವೆ, ಅಲ್ಲಿಂದ ಅಳೆಯಬಹುದು. ಗಾಳಿ ತುಂಬಿಸಿಕೊಂಡ ರೋಗಿಗೆ ತಲೆ ಸಿಡಿಯುವಂಥ ನೋವು ಬರುತ್ತಿತ್ತು. 1971ರಲ್ಲಿ ಸಿ.ಟಿ. ಸ್ಕ್ಯಾನ್ ಬರುವವರೆಗೂ ಈ ಹಿಂಸೆ ತಪ್ಪಲಿಲ್ಲ. ಸ್ಟೀರಿಯೊಟ್ಯಾಕ್ಸಿಸ್ ಎಂದು ಹೆಸರಾದ ಈ ವಿದ್ಯೆ ಹುಟ್ಟಿದ್ದು ಮನೋರೋಗಕ್ಕಾಗಿ. ಬೇಗನೆ ಅದಕ್ಕೆ ಹೆಚ್ಚು ಕೆಲಸ ಸಿಕ್ಕಿದ್ದು ಪಾರ್ಕಿನ್ಸನ್ ರೋಗಿಗಳಲ್ಲಿ.

ಯಾವ ಚುಕ್ಕೆಯನ್ನು ಮುಟ್ಟಬೇಕೆಂಬುದನ್ನು ತಿಳಿಯಲು ಒಂದು ಕೈತಪ್ಪು ಸಹಾಯವಾಯಿತು. 1952ರಲ್ಲಿ ಇರ್ವಿಂಗ್ ಕೂಪರ್ ಪಾರ್ಕಿನ್ಸನ್ ರೋಗಿಯೊಬ್ಬನ ನರಮಾರ್ಗವನ್ನು ಹಳೆಯ ಕ್ರಮದಲ್ಲೇ ಕುಯ್ಯಲು ಹೊರಟಿದ್ದರು. ಅಷ್ಟರಲ್ಲಿ ಆಳದ ನರಗಂಟುಗಳಿಗೆ ರಕ್ತ ಒಯ್ಯುವ ಒಂದು ಸಣ್ಣ ರಕ್ತನಾಳ ಹರಿಯಿತು. ರಕ್ತ ನಿಲ್ಲಿಸಲು ಅದನ್ನು ಮುಚ್ಚಿ, ಮಾಡಬೇಕೆಂದಿದ್ದ ಕೆಲಸವನ್ನು ಕೈಬಿಟ್ಟು, ತಲೆ ಹೊಲಿದರು. ಎಚ್ಚರವಾದ ರೋಗಿಯ ನಡುಕ ಹೋಗಿತ್ತು, ಬಿಗಿತ ಹೋಗಿತ್ತು. ಕೈಯ ಶಕ್ತಿ ಮಾತ್ರ ಹಾಗೆಯೇ ಇತ್ತು! ಕೂಪರ್ ಮುಂದೆ ಬೇಕೆಂದೇ ಆ ನಾಳವನ್ನು ಮುಚ್ಚತೊಡಗಿದರು. ಫಲ ಎಲ್ಲರಲ್ಲೂ ಒಂದೇ ಆಗಲಿಲ್ಲ, ಕೆಲವರು ಸತ್ತರು. ಆಮೇಲೆ ನರಗಂಟಿಗೆ ನೇರವಾಗಿ ಆಲ್ಕೋಹಾಲ್ ಚುಚ್ಚಿದರು. ಬಳಿಕ ಥಾಲಮಸ್ ಎಂಬ ಭಾಗಕ್ಕೆ ಸರಿದರು. 1960ರ ದಶಕದಲ್ಲಿ ದ್ರವ ಸಾರಜನಕದಿಂದ ಆ ಚುಕ್ಕೆಯನ್ನು ಹೆಪ್ಪುಗಟ್ಟಿಸಿದರು. ಪ್ರಾಣಿಗಳ ಮೇಲೆ ಪರೀಕ್ಷಿಸದೆ, ಹೋಲಿಕೆಗೆ ಬೇರೊಂದು ಗುಂಪನ್ನಿಡದೆ ಮನುಷ್ಯರ ಮೇಲೆ ಹೀಗೆ ಒಂದಾದ ಮೇಲೊಂದು ಪ್ರಯೋಗ ನಡೆಸಿದ್ದಕ್ಕೆ ಅವರು ಸಹೋದ್ಯೋಗಿಗಳಿಂದ ಕಟುವಾದ ಟೀಕೆ ಕೇಳಬೇಕಾಯಿತು. ಟೀಕೆ ನ್ಯಾಯವಾದದ್ದೇ.

ಬೋರ್ಕ್-ವೈಟ್ ಅವರ ಎಡಗೈ ಮಾತ್ರ ಮತ್ತೆ ಮಾತು ಕೇಳಿತು. 1961ರಲ್ಲಿ ಮಿದುಳಿನ ಇನ್ನೊಂದು ಬದಿಗೂ ಶಸ್ತ್ರಕ್ರಿಯೆ ನಡೆಯಿತು. ಎರಡೂ ಬದಿಗಳಲ್ಲಿ ಗಾಯ ಮಾಡಿದರೆ ಮಾತು ಕುಂದುವ ಅಪಾಯ ಹೆಚ್ಚು. ಇದು ಆ ಕಾಲದ ವೈದ್ಯರು ರೋಗಿಗಳಿಂದಲೇ ಕಲಿತ ಪಾಠ. 1963ರಲ್ಲಿ ಅವರು ಬರೆದ ಆತ್ಮಕಥೆಯಲ್ಲಿ ಈ ಹೋರಾಟದ ವಿವರಗಳಿವೆ.

ಇತ್ತ ಸ್ವತಂತ್ರ ಭಾರತದಲ್ಲಿ ನರಶಸ್ತ್ರಚಿಕಿತ್ಸೆ ಆಗಷ್ಟೇ ಕಣ್ಣು ಬಿಡುತ್ತಿತ್ತು. ಮಾಂಟ್ರಿಯಲ್‌ನಲ್ಲಿ ತರಬೇತಿ ಪಡೆದ ಜೇಕಬ್ ಚಾಂಡಿ 1949ರಲ್ಲಿ ವೆಲ್ಲೂರಿನಲ್ಲಿ, ಇಂಗ್ಲೆಂಡಿನಲ್ಲಿ ಕಲಿತು ಬಂದ ಬಿ. ರಾಮಮೂರ್ತಿ 1950ರಲ್ಲಿ ಮದರಾಸಿನಲ್ಲಿ ವಿಭಾಗಗಳನ್ನು ತೆರೆದರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಗೆ ಹೊಂದಿಕೊಂಡು 1954ರಲ್ಲಿ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆ ಆರಂಭವಾಯಿತು. ಅಲ್ಲಿ ನರಶಸ್ತ್ರಚಿಕಿತ್ಸೆಯನ್ನು ಕಟ್ಟಿದವರು ಡಾ. ಆರ್. ಮಾರ್ತಾಂಡ ವರ್ಮ.

ಪಾರ್ಕಿನ್ಸನ್ ರೋಗಿಗಳಿಗಾಗಿ ವರ್ಮ ಕಂಡುಕೊಂಡ ದಾರಿ ವಿಶಿಷ್ಟವಾದದ್ದು. ತಲೆಬುರುಡೆಯ ತಳದಲ್ಲಿ, ದವಡೆಗೆ ಹೋಗುವ ನರ ಹೊರಬರಲೆಂದು ಪ್ರಕೃತಿಯೇ ಇಟ್ಟಿರುವ ಅಂಡಾಕಾರದ ರಂಧ್ರವೊಂದಿದೆ. ಕೆನ್ನೆಯ ಕಡೆಯಿಂದ ಸೂಜಿಯನ್ನು ಆ ರಂಧ್ರದ ಮೂಲಕ ಮೇಲಕ್ಕೆ ತೂರಿಸಿ ಆಳದ ನರಗಂಟುಗಳನ್ನು ಮುಟ್ಟಬಹುದು. ಬುರುಡೆಯನ್ನು ಕೊರೆಯುವ ಪ್ರಮೇಯವೇ ಇಲ್ಲ. ‘ವರ್ಮಾ ತಂತ್ರ’ವೆಂದೇ ಅದಕ್ಕೆ ಹೆಸರಾಯಿತು. 1974ರಲ್ಲಿ ಮಾನಸಿಕ ಆಸ್ಪತ್ರೆಯೂ ಈ ಸಂಸ್ಥೆಯೂ ಒಂದಾಗಿ ನಿಮ್ಹಾನ್ಸ್ ಆದಾಗ ಅದರ ಮೊದಲ ನಿರ್ದೇಶಕರಾದವರು ವರ್ಮ ಅವರೇ. ಲ್ಯೂಕಾಟಮಿಯನ್ನು ಕಂಡ ಆಸ್ಪತ್ರೆಯೂ ನಡುಕಕ್ಕೆ ಸೂಜಿಯ ದಾರಿ ಹುಡುಕಿದ ಸಂಸ್ಥೆಯೂ ಹೀಗೆ ಒಂದೇ ಹೆಸರಿನಡಿ ಬಂದವು.

ಮದರಾಸಿನಲ್ಲಿ ರಾಮಮೂರ್ತಿ, ವಿ. ಬಾಲಸುಬ್ರಮಣಿಯಂ, ಎಸ್. ಕಲ್ಯಾಣರಾಮನ್ ಸ್ಟೀರಿಯೊಟ್ಯಾಕ್ಸಿಸ್ ವಿದ್ಯೆಯನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಿದರು. ಏಷ್ಯಾದ ಮೊದಲ ತಲೆಮಾರಿನ ಮಹಿಳಾ ನರಶಸ್ತ್ರವೈದ್ಯರಲ್ಲೊಬ್ಬರಾದ ಟಿ.ಎಸ್. ಕನಕ ಬೆಳೆದದ್ದು ಈ ಬಳಗದಲ್ಲಿ. ನಡುಕ, ಬಿಗಿತಗಳಿಗೆ ಮಾತ್ರವಲ್ಲ, ಅಂಕೆಯಿಲ್ಲದ ಆವೇಶದ ವರ್ತನೆಗೂ ಇಲ್ಲಿ ಮಿದುಳಿನ ಆಳದಲ್ಲಿ ಗಾಯ ಮಾಡಲಾಯಿತು. ಇದಕ್ಕೆ ‘ಶಾಮಕ ನರಶಸ್ತ್ರಚಿಕಿತ್ಸೆ’ ಎಂಬ ಅರ್ಥದ ಹೆಸರನ್ನು ಅವರು 1970ರ ಲೇಖನವೊಂದರಲ್ಲಿ ಬಳಸಿದ್ದಾರೆ. ರೋಗಿಗಳಲ್ಲಿ ಮಕ್ಕಳೂ ಇದ್ದರು. ಮನೆಯವರ ಬವಣೆ ನಿಜವಾದದ್ದೇ. ಮಗುವಿನ ಒಪ್ಪಿಗೆಯ ಪ್ರಶ್ನೆಗೆ ಮಾತ್ರ ಆ ಹೆಸರಿನಲ್ಲಿ ಉತ್ತರವಿಲ್ಲ.

ಪಾರ್ಕಿನ್ಸನ್ ಶಸ್ತ್ರಕ್ರಿಯೆಯ ಈ ಭರಾಟೆಗೆ 1960ರ ದಶಕದ ಕೊನೆಯಲ್ಲಿ ತಡೆ ಬಿತ್ತು. ಮಿದುಳಿನ ಕಾಂಡದ ಮೇಲ್ಭಾಗದಲ್ಲಿರುವ ಒಂದು ಕಪ್ಪು ಪಟ್ಟಿ ಡೋಪಮೀನ್ ಎಂಬ ರಾಸಾಯನಿಕವನ್ನು ತಯಾರಿಸುತ್ತದೆ. ಈ ರೋಗಿಗಳಲ್ಲಿ ಆ ಜೀವಕೋಶಗಳು ಸಾಯುತ್ತವೆ, ಡೋಪಮೀನ್ ಬತ್ತುತ್ತದೆ ಎಂದು ವಿಯೆನ್ನಾದ ಹಾರ್ನಿಕೀವಿಚ್ 1960ರಲ್ಲಿ ತೋರಿಸಿದ್ದರು. ಡೋಪಮೀನನ್ನು ನೇರವಾಗಿ ಕೊಟ್ಟರೆ ಅದು ರಕ್ತದಿಂದ ಮಿದುಳಿಗೆ ದಾಟದು. ಅದರ ಪೂರ್ವರೂಪವಾದ ಲೆವೊಡೋಪ ದಾಟುತ್ತದೆ. 1967ರಲ್ಲಿ ಜಾರ್ಜ್ ಕೋಟ್ಜಿಯಾಸ್ ಅದನ್ನು ಹೆಚ್ಚಿನ ಪ್ರಮಾಣದಲ್ಲಿ ನುಂಗಲು ಕೊಟ್ಟು, ಮರಗಟ್ಟಿದಂತಿದ್ದ ರೋಗಿಗಳನ್ನು ನಡೆಸಿದರು. ಕುತೂಹಲದ ಸಂಗತಿಯೆಂದರೆ, ಮುಟ್ಟಿದರೆ ಮೈಯೆಲ್ಲ ತುರಿಸುವ ನಮ್ಮ ನಸುಗುನ್ನಿಯ ಬೀಜದಲ್ಲಿ ಇದೇ ವಸ್ತು ಇದೆಯೆಂದು ಮದರಾಸಿನ ದಾಮೋದರನ್ ಮತ್ತು ರಾಮಸ್ವಾಮಿ 1937ರಲ್ಲೇ ಬೇರ್ಪಡಿಸಿ ತೋರಿಸಿದ್ದರು. ಆಗ ಅದಕ್ಕೂ ನಡುಕಕ್ಕೂ ನಂಟಿದೆಯೆಂದು ವಿಜ್ಞಾನಕ್ಕೆ ತಿಳಿದಿರಲಿಲ್ಲ. ಮಾತ್ರೆಯಲ್ಲೇ ಕೆಲಸವಾದ ಮೇಲೆ ತಲೆಗೆ ರಂಧ್ರ ಯಾರಿಗೆ ಬೇಕು? ಶಸ್ತ್ರಕ್ರಿಯೆ ಹೆಚ್ಚುಕಡಿಮೆ ನಿಂತೇಹೋಯಿತು. ಬೋರ್ಕ್-ವೈಟ್ 1971ರಲ್ಲಿ ತೀರಿಕೊಂಡರು.

ಹತ್ತು ವರ್ಷ ಕಳೆಯುವಷ್ಟರಲ್ಲಿ ಮಾತ್ರೆಯ ಮಿತಿಯೂ ಗೊತ್ತಾಯಿತು. ದೀರ್ಘಕಾಲ ಲೆವೊಡೋಪ ಸೇವಿಸಿದವರಲ್ಲಿ ಔಷಧದ ಪ್ರಭಾವ ದೀಪ ಹೊತ್ತಿ ಆರಿದಂತೆ ಬಂದುಹೋಗತೊಡಗಿತು; ಪ್ರಭಾವವಿದ್ದಾಗ ಮೈ ಬೇಡವೆಂದರೂ ಹಾವಿನಂತೆ ಹೊರಳುತ್ತಿತ್ತು. ಶಸ್ತ್ರವೈದ್ಯರನ್ನು ಮತ್ತೆ ಕರೆಯಬೇಕಾಯಿತು.

ಈ ಬಾರಿ ಬಾಗಿಲು ತೆರೆದದ್ದು ಫ್ರಾನ್ಸಿನ ಗ್ರೆನೋಬಲ್‌ನಲ್ಲಿ. ಭೌತಶಾಸ್ತ್ರದಲ್ಲೂ ಡಾಕ್ಟರೇಟ್ ಪಡೆದಿದ್ದ ನರಶಸ್ತ್ರವೈದ್ಯ ಆಲಿಮ್-ಲೂಯಿ ಬೆನಬಿದ್ 1987ರಲ್ಲಿ ಥಾಲಮಸ್‌ನಲ್ಲಿ ಗಾಯ ಮಾಡುವ ಮೊದಲು, ಜಾಗ ಸರಿಯಾಗಿದೆಯೇ ಎಂದು ನೋಡಲು, ವಾಡಿಕೆಯಂತೆ ವಿದ್ಯುತ್ ಹರಿಸಿ ಪರೀಕ್ಷಿಸುತ್ತಿದ್ದರು. ಮಿಡಿತವನ್ನು ಸೆಕೆಂಡಿಗೆ ಸುಮಾರು ನೂರಕ್ಕೆ ಏರಿಸಿದಾಗ ನಡುಕ ನಿಂತಿತು. ವಿದ್ಯುತ್ ಆರಿಸಿದರೆ ಮರಳಿತು. ಹಾಗಾದರೆ ನಾಶ ಮಾಡುವುದೇಕೆ, ತಂತಿಯನ್ನು ಅಲ್ಲೇ ಬಿಟ್ಟರಾಗದೇ? ಹೃದಯದ ಪೇಸ್‌ಮೇಕರಿನಂಥ ಬ್ಯಾಟರಿಯನ್ನು ಎದೆಯ ಚರ್ಮದಡಿ ಇಟ್ಟು, ಅಲ್ಲಿಂದ ಕುತ್ತಿಗೆಯ ಮೂಲಕ ತಂತಿಯನ್ನು ಮಿದುಳಿಗೆ ಎಳೆಯಲಾಯಿತು. ಇದೇ ಡೀಪ್ ಬ್ರೈನ್ ಸ್ಟಿಮ್ಯುಲೇಷನ್. ಅತಿಯಾದರೆ ತಗ್ಗಿಸಬಹುದು, ಬೇಡವಾದರೆ ಆರಿಸಬಹುದು. ಮಿದುಳಿನ ಶಸ್ತ್ರವೈದ್ಯರಿಗೆ ಹಿಂದೆಂದೂ ಇಲ್ಲದಿದ್ದ ಸೌಲಭ್ಯ ಇದು.

ನಡುಕದ ಜೊತೆಗೆ ಬಿಗಿತವನ್ನೂ ನಿಧಾನಗತಿಯನ್ನೂ ನೀಗುವ ಜಾಗ ಸಿಕ್ಕಿದ್ದರ ಹಿಂದೆ ಒಂದು ದುರಂತವಿದೆ. 1982ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಕಳ್ಳತನದಿಂದ ತಯಾರಿಸಿದ ಕಲಬೆರಕೆ ಮಾದಕವಸ್ತು ಚುಚ್ಚಿಕೊಂಡ ಕೆಲವು ತರುಣರು ಮುಪ್ಪಿನ ಪಾರ್ಕಿನ್ಸನ್ ರೋಗಿಗಳಂತೆ ಮರಗಟ್ಟಿಹೋದರು. ಅದರಲ್ಲಿದ್ದ ಎಂ.ಪಿ.ಟಿ.ಪಿ. ಎಂಬ ವಿಷ ಆ ಕಪ್ಪು ಪಟ್ಟಿಯನ್ನೇ ಕೊಲ್ಲುತ್ತದೆಂದು ಅವರಿಗೆ ಚಿಕಿತ್ಸೆ ನೀಡಿದ ವಿಲಿಯಂ ಲ್ಯಾಂಗ್ಸ್ಟನ್ ಮತ್ತು ಸಂಗಡಿಗರು ಪತ್ತೆಹಚ್ಚಿದರು. ಅದೇ ವಿಷ ಕೊಟ್ಟ ಕೋತಿಗಳಲ್ಲಿ, ಥಾಲಮಸ್‌ನ ಕೆಳಗಿನ ಅವರೆಕಾಳಿನಷ್ಟರ ನರಗಂಟನ್ನು ನಿಷ್ಕ್ರಿಯಗೊಳಿಸಿದರೆ ಮೈ ಸಡಿಲಗೊಳ್ಳುತ್ತದೆ ಎಂದು ಮಹ್ಲಾನ್ ಡಿಲಾಂಗ್ ಬಳಗ 1990ರಲ್ಲಿ ತೋರಿಸಿತು. 1993ರಲ್ಲಿ ಬೆನಬಿದ್ ಅವರ ತಂಡ ಅದೇ ಕಾಳಿಗೆ ತಂತಿ ಇಳಿಸಿತು. ಅಮೆರಿಕದ ಔಷಧ ಆಡಳಿತ ಈ ಚಿಕಿತ್ಸೆಗೆ ನಡುಕದ ಮಟ್ಟಿಗೆ 1997ರಲ್ಲಿ, ಪಾರ್ಕಿನ್ಸನ್ನಿಗೆ 2002ರಲ್ಲಿ ಅನುಮತಿ ನೀಡಿತು.

ಇದು ಕಾಯಿಲೆಯನ್ನು ವಾಸಿ ಮಾಡುವುದಿಲ್ಲ; ಜೀವಕೋಶಗಳ ಸಾವು ಒಳಗೆ ಮುಂದುವರಿದೇ ಇರುತ್ತದೆ. ತಂತಿ ಇಳಿಸುವಾಗ ನೂರರಲ್ಲಿ ಒಬ್ಬಿಬ್ಬರಿಗೆ ರಕ್ತಸ್ರಾವವಾಗಬಹುದು. ಕೆಲವರ ಮಾತು ಮಂದವಾಗುತ್ತದೆ, ಇನ್ನು ಕೆಲವರ ಸ್ವಭಾವವೇ ಕೊಂಚ ಬದಲಾದಂತೆ ಮನೆಯವರಿಗೆ ಕಾಣುತ್ತದೆ. ವೆಚ್ಚ ಹಲವು ಲಕ್ಷ ರೂಪಾಯಿ; ಸಾಧಾರಣ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಲು ಮತ್ತೆ ಖರ್ಚು. ಹಾಗಾಗಿ ಗಾಯ ಮಾಡುವ ಹಳೆಯ ಶಸ್ತ್ರಕ್ರಿಯೆ ಭಾರತದಲ್ಲಿ ಪೂರ್ತಿ ಮರೆಯಾಗಿಲ್ಲ. ಯಂತ್ರವನ್ನು ಆರಿಸಿ ಹಿಂದಕ್ಕೆ ಮರಳುವ ಅನುಕೂಲ ಹಣವಿದ್ದವರ ಪಾಲಿಗಷ್ಟೇ ಇದೆ ಎಂದರೆ ತಪ್ಪಾಗದು.

ಮನೋರೋಗಕ್ಕಾಗಿ ಮಿದುಳನ್ನು ಮುಟ್ಟುವುದರ ಮೇಲೆ ಕಾನೂನು ಈಗ ಕಾವಲು ಕುಳಿತಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 96ನೆಯ ಕಲಮಿನ ಪ್ರಕಾರ ಅಂಥ ಶಸ್ತ್ರಕ್ರಿಯೆಗೆ ರೋಗಿಯೇ ವಿಷಯ ತಿಳಿದು ಒಪ್ಪಿಗೆ ಕೊಡಬೇಕು. ಜೊತೆಗೆ ಸಂಬಂಧಪಟ್ಟ ಮಂಡಳಿಯ ಅನುಮೋದನೆಯೂ ಬೇಕು. ಗೋವಿಂದಸ್ವಾಮಿಯವರ ವರದಿ ಪ್ರಕಟವಾಗಿ ಆಗ 73 ವರ್ಷಗಳಾಗಿದ್ದವು.

ಇತ್ತೀಚಿನ ವಿಧಾನದಲ್ಲಿ ಚಾಕುವೂ ಇಲ್ಲ, ರಂಧ್ರವೂ ಇಲ್ಲ. ತಲೆಗೆ ತೊಡಿಸಿದ ಶಿರಸ್ತ್ರಾಣದಂಥ ಉಪಕರಣದಿಂದ ನೂರಾರು ಶ್ರವಣಾತೀತ ಧ್ವನಿಕಿರಣಗಳನ್ನು ಥಾಲಮಸ್‌ನ ಒಂದೇ ಚುಕ್ಕೆಯಲ್ಲಿ ಕೂಡಿಸಿ, ಆ ಬಿಸಿಯಿಂದ ಅದನ್ನು ಸುಡಲಾಗುತ್ತದೆ. ಅಮೆರಿಕದಲ್ಲಿ ಇದಕ್ಕೆ 2016ರಲ್ಲಿ ಸಾಮಾನ್ಯ ನಡುಕದ ರೋಗಿಗಳಿಗಾಗಿ, 2018ರಲ್ಲಿ ನಡುಕವೇ ಪ್ರಧಾನವಾದ ಪಾರ್ಕಿನ್ಸನ್ನಿಗಾಗಿ ಒಪ್ಪಿಗೆ ಸಿಕ್ಕಿತು. ಮಾಡುವ ಕೆಲಸ ಕೂಪರ್ ಮಾಡಿದ್ದೇ: ನಾಶ. ಆದರೆ ಒಮ್ಮೆಗೇ ಸುಡುವುದಿಲ್ಲ. ಮೊದಲು, ಗಾಯವಾಗದಷ್ಟು, ಸ್ವಲ್ಪವೇ ಬಿಸಿ ಮಾಡುತ್ತಾರೆ. ಎಚ್ಚರವಾಗಿರುವ ರೋಗಿಯನ್ನು ಎಂ.ಆರ್.ಐ. ಯಂತ್ರದಿಂದ ಹೊರಗೆಳೆದು, ಕೈಗೆ ಪೆನ್ನು ಕೊಟ್ಟು, ಕಾಗದದ ಮೇಲೆ ಒಂದು ಸುರುಳಿ ಬರೆಯಲು ಹೇಳುತ್ತಾರೆ. ಗೆರೆ ಅಂಕುಡೊಂಕಾದರೆ ಚುಕ್ಕೆಯನ್ನು ಒಂದು ಕೂದಲೆಳೆ ಆಚೀಚೆ ಸರಿಸುತ್ತಾರೆ. ತುಟಿ ಜುಮುಗುಟ್ಟಿತು, ನಾಲಿಗೆ ಭಾರವೆನಿಸಿತು ಎಂದು ರೋಗಿ ಹೇಳಿದರೆ ಅಲ್ಲಿಗೇ ನಿಲ್ಲಿಸುತ್ತಾರೆ. ಸುರುಳಿ ನುಣುಪಾಗಿ ಬಂದ ಮೇಲೆಯೇ ಮತ್ತೆ ಒಳಗೆ ಕಳಿಸಿ ಬಿಸಿ ಏರಿಸುವುದು.